ದಂಗೆ ಘಟ್ಟ ಇಳಿಯಿತೇ? ನೆರೆನಾಡಿನ ಬಂಡಾಯಗಳ ನಂಟನ್ನು ಪರೀಕ್ಷಿಸುವ ಬಗೆ

ಶಿವಮೊಗ್ಗ ಜಿಲ್ಲೆಯ ಯಾವ ತಾಲ್ಲೂಕಿನ ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯನ್ನು ತೆರೆದರೂ ಸ್ಥಳೀಯ ಇತಿಹಾಸದ ಲೇಖನವೊಂದು ಇದ್ದೇ ಇರುತ್ತದೆ. 1830ರಲ್ಲಿ ನಗರದ (ಹಳೆಯ ಬಿದನೂರಿನ) ರೈತರು ಹೊತ್ತಿಸಿದ ಕಿಡಿ ಸುತ್ತಲಿನ ನಾಡುಗಳಿಗೂ ಹಬ್ಬಿ ಅಲ್ಲಿನ ಜನರಿಗೆ ಪ್ರೇರಣೆಯಾಯಿತು ಎಂಬ ಅರ್ಥದ ಒಂದು ವಾಕ್ಯವೂ ಅದರಲ್ಲಿ ತಪ್ಪುವುದಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ನಾನೂ ಅಂಥದೊಂದು ವಾಕ್ಯ ಬರೆದಿದ್ದೆ. ಅದು ಅಚ್ಚಾದ ತಿಂಗಳೊಪ್ಪತ್ತಿನಲ್ಲಿ ಕಾಸರಗೋಡಿನ ಕಡೆಯ ಹಿರಿಯರೊಬ್ಬರು ಒಂದು ಕಾರ್ಡು ಬರೆದು, "ಕಿಡಿ ನಗರದಿಂದ ಹಾರಿದ್ದಾದರೆ ಕುಂದಾಪುರ ಮೊದಲು ಹೊತ್ತಿಕೊಳ್ಳಬೇಕಿತ್ತಲ್ಲವೇ, ನಮ್ಮ ಬೇಕಲ ಹೇಗೆ ಮೊದಲಾಯಿತು ಸ್ವಾಮೀ?" ಎಂದು ಕೇಳಿದ್ದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ಕಲಿತ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಂದು ನಾಡಿನ ದಂಗೆಗೂ ಅದರ ನೆರೆಯ ರೈತರ ಅಥವಾ ಬುಡಕಟ್ಟು ಜನರ ಬಂಡಾಯಕ್ಕೂ ನಂಟು ಇತ್ತೇ, ಇದ್ದರೆ ಅದು ಯಾವ ಬಗೆಯದು ಎಂಬುದನ್ನು ತೋರಿಸಲು ಹೊರಟ ಎಂ.ಎ. ವಿದ್ಯಾರ್ಥಿಗೂ, ತನ್ನೂರಿನ ಚರಿತ್ರೆ ಬರೆಯಬೇಕೆಂದಿರುವ ಮೇಷ್ಟರಿಗೂ ಇದು ಉಪಯೋಗಕ್ಕೆ ಬರಬಹುದು.

ಮೊದಲ ಕೆಲಸವೆಂದರೆ ಕಿಡಿ, ಕಾಡ್ಗಿಚ್ಚು, ಅಲೆ ಎಂಬ ಮೂರು ಮಾತುಗಳನ್ನು ಕೈಬಿಡುವುದು. ಮಲೆನಾಡಿನವರಾದ ನಮಗೆ ಇದು ಕಷ್ಟ, ಏಕೆಂದರೆ ಫಾಲ್ಗುಣದಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದಾಗ ಅದು ಹೇಗೆ ಓಡುತ್ತದೆಂದು ಕಣ್ಣಾರೆ ಕಂಡವರು ನಾವು. ಆದರೆ ಬೆಂಕಿಗೆ ಯಾರೂ ಓಲೆ ಬರೆಯಬೇಕಾಗಿಲ್ಲ, ಯಾರೂ ಸಂತೆಗೆ ಹೋಗಿ ಸುದ್ದಿ ಹೇಳಬೇಕಾಗಿಲ್ಲ, ಯಾರೂ ರಾತ್ರಿಯೆಲ್ಲ ಕೂತು ಹೋಗುವುದೋ ಬೇಡವೋ ಎಂದು ಲೆಕ್ಕ ಹಾಕಬೇಕಾಗಿಲ್ಲ. ದಂಗೆಗೆ ಇವೆಲ್ಲವೂ ಬೇಕು. ಹೋಲಿಕೆಯನ್ನು ಕೈಬಿಟ್ಟ ಕೂಡಲೇ ಸುದ್ದಿಯನ್ನು ಹೊತ್ತವರು ಯಾರು, ಕೇಳಿದವರು ಯಾರು, ಕೇಳಿಯೂ ಸುಮ್ಮನಿದ್ದವರು ಯಾರು ಎಂಬ ಪ್ರಶ್ನೆಗಳು ತಾವಾಗಿ ಎದ್ದು ನಿಲ್ಲುತ್ತವೆ.

ಮೂಲದ ದಂಗೆ ಏನಾಗಿತ್ತು ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ

ನೆರೆಯ ನಾಡಿಗೆ ಹೋಗುವ ಮುನ್ನ ನಿಮ್ಮ ನಾಡಿನ ದಂಗೆಯನ್ನು ಅದರ ಕಾಲದ ಮಾತಿನಲ್ಲೇ ಒಂದು ಪುಟದಷ್ಟು ಬರೆಯಿರಿ. ನಗರದ ದಂಗೆಯನ್ನೇ ತೆಗೆದುಕೊಳ್ಳೋಣ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಆದ ಒಪ್ಪಂದದಂತೆ ಮೈಸೂರು ಸಂಸ್ಥಾನ ಕಂಪನಿಗೆ ವರ್ಷಕ್ಕೆ ಏಳು ಲಕ್ಷ ನಕ್ಷತ್ರ ಪಗೋಡ ಕೊಡಬೇಕಾಗಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಕಂದಾಯ ವಸೂಲಿ ಶರ್ತಿನ ಪದ್ಧತಿಗೆ ಬಂತು: ಇಷ್ಟು ಹಣ ಒಪ್ಪಿಸುತ್ತೇನೆಂದು ಅಮಲ್ದಾರ (ತಾಲ್ಲೂಕಿನ ಅಧಿಕಾರಿ) ಕರಾರು ಬರೆದುಕೊಡುತ್ತಿದ್ದ, ಕಡಿಮೆ ಬಿದ್ದದ್ದನ್ನು ತಾನೇ ತುಂಬಬೇಕಾದ್ದರಿಂದ ಅದನ್ನು ರೈತನ ಕೊಟ್ಟಿಗೆಯಿಂದ ಎಳೆಯುತ್ತಿದ್ದ. ಅದೇ ಹೊತ್ತಿಗೆ ಧಾನ್ಯದ ಧಾರಣೆ ಇಳಿಯಿತು. 1830ರ ಆಗಸ್ಟಿನಲ್ಲಿ ನಗರ ಫೌಜುದಾರಿಯ (ಆಡಳಿತ ವಿಭಾಗದ) ರೈತರು ಬಸವಾಪಟ್ಟಣದಲ್ಲಿ ಕೂಟ ಸೇರಿ ಕೊಂಬು ಊದಿದರು. ಸದರಮಲ್ಲನೆಂಬ ಮೂಲ ಹೆಸರಿನ ಬೂದಿ ಬಸವಪ್ಪ ತಾನು ಕೆಳದಿ ವಂಶದವನೆಂದು ಹೇಳಿಕೊಂಡು ಈ ಕೂಟಗಳ ಮುಂದೆ ನಿಂತ, ತರೀಕೆರೆಯ ಪಾಳೆಯಗಾರ ಮನೆತನವೂ ಸೇರಿಕೊಂಡಿತು. 1831ರ ಜೂನಿನಲ್ಲಿ ಕಂಪನಿಯ ಪಡೆ ನಗರದ ಕೋಟೆಯನ್ನು ಹಿಡಿಯಿತು, ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಇಡೀ ಸಂಸ್ಥಾನದ ಆಡಳಿತವನ್ನೇ ಕಂಪನಿಯ ಕೈಗೆ ತೆಗೆದುಕೊಂಡ.

ಇಷ್ಟು ಬರೆದ ಮೇಲೆ ನಿಮಗೊಂದು ಮುಜುಗರ ಎದುರಾಗುತ್ತದೆ. ರೈತರು ಎದ್ದದ್ದು ಅಮಲ್ದಾರನ ಮೇಲೆ, ಫೌಜುದಾರನ ಮೇಲೆ, ಅಂದರೆ ಹೆಸರಿಗೆ ಮೈಸೂರು ಅರಸರ ಆಡಳಿತದ ಮೇಲೆ. ಅದನ್ನು ನೇರವಾಗಿ ವಸಾಹತು ವಿರೋಧಿ ಹೋರಾಟವೆಂದು ಬರೆಯುವ ಆತುರ ಬೇಡ. ಅರಸರ ತಲೆಯ ಮೇಲಿದ್ದ ಪೊಗದಿಯ (ಕಂಪನಿಗೆ ಕೊಡಬೇಕಾದ ಕಪ್ಪದ) ಹೊರೆ ಅಮಲ್ದಾರನ ಮೂಲಕ ರೈತನ ಹೆಗಲಿಗೆ ಇಳಿಯಿತು, ಅವನು ಎದ್ದಾಗ ಅದನ್ನು ಹತ್ತಿಕ್ಕಲು ಬಂದದ್ದು ಕಂಪನಿಯ ಬಂದೂಕು, ಲಾಭವಾದದ್ದೂ ಕಂಪನಿಗೇ ಎಂದು ಮೂರು ಮೆಟ್ಟಿಲುಗಳಲ್ಲಿ ಹೇಳಿದರೆ ವಾದ ಗಟ್ಟಿಯಾಗುತ್ತದೆ. ಹಾಗೆಯೇ ನಗರದ ಕೂಟಗಳಲ್ಲಿ ಮುಂದೆ ಕಾಣುವವರು ಗೌಡರು, ಪಟೇಲರು, ಒಕ್ಕಲು ಮಕ್ಕಳು. ಹಸಲರೋ ಬೇಡರೋ ಎಲ್ಲಿ ನಿಂತಿದ್ದರು ಎಂಬುದನ್ನು ದಾಖಲೆ ತೋರಿಸಿದಷ್ಟೇ ಹೇಳಬೇಕು. ಇಂದಿನ ಅಭಿಮಾನಕ್ಕಾಗಿ ಅವರನ್ನು ಎಳೆತಂದು ಮುಂದಿನ ಸಾಲಿನಲ್ಲಿ ನಿಲ್ಲಿಸುವುದು ಅವರಿಗೆ ಮಾಡುವ ಗೌರವವಲ್ಲ.

ಪಂಚಾಂಗ, ಮಳೆ, ಕಿಸ್ತು

ಇನ್ನು ಎರಡನೆಯ ನಾಡಿಗೆ ಬನ್ನಿ. ಅದೇ 1830ರ ಕೊನೆಯಿಂದ 1831ರ ಮೊದಲ ತಿಂಗಳುಗಳವರೆಗೆ ಘಟ್ಟದ ಕೆಳಗಿನ ಕನ್ನಡ (ಕೆನರಾ) ಜಿಲ್ಲೆಯಲ್ಲಿಯೂ ರೈತರು ಕೂಟ ಸೇರಿದರು, ಅರ್ಜಿ ಬರೆದರು, ಕಂದಾಯ ಕಟ್ಟುವುದಿಲ್ಲವೆಂದು ಕೂತರು, ಮಂಗಳೂರಿನ ಕದ್ರಿ ಮಂಜುನಾಥನ ಸನ್ನಿಧಿಯಲ್ಲಿ ನೆರೆದರು. ಮೇಲೂ ಕೂಟ, ಕೆಳಗೂ ಕೂಟ. ಕಾಲವೂ ಕೂಡಿ ಬರುತ್ತದೆ. ಪ್ರೇರಣೆಯೆಂದು ಬರೆದುಬಿಡಲು ಕೈ ತುರಿಸುವುದು ಇಲ್ಲಿಯೇ.

ಆಗ ಒಂದು ದೊಡ್ಡ ಹಾಳೆಯಲ್ಲಿ ಮೂರು ಅಂಕಣ ಹಾಕಿ. ಒಂದರಲ್ಲಿ ಘಟನೆ ನಡೆದ ದಿನ, ಎರಡನೆಯದರಲ್ಲಿ ಆ ಸುದ್ದಿ ನೆರೆಯ ನಾಡಿಗೆ ತಲುಪಿದ್ದಕ್ಕೆ ಸಿಗುವ ಮೊದಲ ಸಾಕ್ಷ್ಯದ ದಿನ, ಮೂರನೆಯದರಲ್ಲಿ ಆ ಸಾಕ್ಷ್ಯವನ್ನು ಯಾರೋ ಕಾಗದಕ್ಕೆ ಇಳಿಸಿದ ದಿನ. ನೂರಕ್ಕೆ ತೊಂಬತ್ತು ಲೇಖನಗಳು ಮೊದಲನೆಯದನ್ನೂ ಮೂರನೆಯದನ್ನೂ ಒಂದೇ ಎಂದು ತಿಳಿದು ಎಡವುತ್ತವೆ. ನಗರದ ದಂಗೆಯ ಕಾರಣಗಳನ್ನು ವಿಚಾರಿಸಲು ಹಾಕರ್, ಮಾರಿಸನ್, ಮ್ಯಾಕ್ಲಿಯಾಡ್, ಕಬ್ಬನ್ ಇದ್ದ ಸಮಿತಿ ವರದಿ ಕೊಟ್ಟದ್ದು 1833ರಲ್ಲಿ. ಅಷ್ಟು ಹೊತ್ತಿಗೆ ಸಂಸ್ಥಾನವನ್ನು ವಹಿಸಿಕೊಂಡು ಎರಡು ವರ್ಷವಾಗಿತ್ತು. ವಹಿಸಿಕೊಂಡದ್ದು ಸರಿಯೆಂದು ತೋರಿಸಬೇಕಾದ ಒತ್ತಡ ಆ ವರದಿಯ ಬೆನ್ನ ಮೇಲಿತ್ತೆಂಬುದನ್ನು ಮರೆಯದೆ ಓದಬೇಕು.

ದೇಶೀ ಕಾಗದಗಳಲ್ಲಿ ದಿನಾಂಕ ಸಂವತ್ಸರದ ಹೆಸರಿನಲ್ಲಿರುತ್ತದೆ. 1830ರ ಯುಗಾದಿಯಿಂದ ನಡೆದದ್ದು ವಿಕೃತಿ ಸಂವತ್ಸರ, ಮರುವರ್ಷ ಖರ, ಅಮರಸುಳ್ಯದ ಬಂಡಾಯ ನಡೆದ 1837ರಲ್ಲಿ ಯುಗಾದಿಯಿಂದ ಹೇವಿಳಂಬಿ. ಅರವತ್ತು ವರ್ಷಕ್ಕೊಮ್ಮೆ ಹೆಸರು ಮರಳುವುದರಿಂದ ಬರಿಯ "ವಿಕೃತಿ ಸಂ" ಎಂದಿರುವ ಕಾಗದ 1770ರದ್ದೂ ಆಗಬಹುದು, 1890ರದ್ದೂ ಆಗಬಹುದು. ಶಕವರ್ಷವಾಗಲಿ, ಅಧಿಕಾರಿಯ ಹೆಸರಾಗಲಿ, ನಾಣ್ಯದ ಹೆಸರಾಗಲಿ ಜೊತೆಗೆ ಸಿಗುವವರೆಗೂ ಅದನ್ನು ಬದಿಗಿಡಿ.

ಈಗ ಹಾಳೆಯ ಪಕ್ಕದಲ್ಲಿ ಮಳೆಯನ್ನು ಗುರುತಿಸಿ. ಪುಸ್ತಕದಲ್ಲಿ ಹುಡುಕಬೇಕಾಗಿಲ್ಲದ, ಮಲೆನಾಡಿನವನಿಗೆ ಹುಟ್ಟಿನಿಂದ ಬಂದ ಜ್ಞಾನ ಇದು. ಬಸವಾಪಟ್ಟಣದಲ್ಲಿ ಕೊಂಬು ಊದಿದ್ದು ಶ್ರಾವಣ ಭಾದ್ರಪದದ ಆಸುಪಾಸಿನಲ್ಲಿ. ಬಸವಾಪಟ್ಟಣ ಅರೆಮಲೆನಾಡು, ಅಲ್ಲಿ ಆ ಹೊತ್ತಿಗೆ ಜನ ಓಡಾಡಬಹುದು. ಆದರೆ ನಗರದಿಂದ ಪಶ್ಚಿಮಕ್ಕೆ, ಹುಲಿಕಲ್ಲು, ಆಗುಂಬೆ, ಕೊಲ್ಲೂರಿನ ಬದಿಗೆ, ಅದು ಹಳ್ಳ ದಾಟಲಾಗದ ಕಾಲ. ಅಂದಿನ ಘಾಟಿಗಳು ಇಂದಿನ ಡಾಂಬರು ರಸ್ತೆಗಳಲ್ಲ, ಹೇರೆತ್ತಿನ ಗೊರಸು ಸವೆಸಿದ ಕಲ್ಲುದಾರಿಗಳು. ಮೇಲಿನಿಂದ ಅಡಿಕೆ, ಮೆಣಸು, ಏಲಕ್ಕಿ ಇಳಿಯುತ್ತಿದ್ದುದೂ ಕೆಳಗಿನಿಂದ ಉಪ್ಪು, ಒಣಮೀನು, ತೆಂಗಿನಕಾಯಿ ಹತ್ತುತ್ತಿದ್ದುದೂ ಮಳೆ ಹಿಡಿದ ಮೇಲೆ ನಿಂತುಹೋಗಿ ದೀಪಾವಳಿಯ ಹೊತ್ತಿಗೆ ಮತ್ತೆ ಶುರುವಾಗುತ್ತಿತ್ತು. ನಗರದಿಂದ ಕುಂದಾಪುರಕ್ಕೆ ಸುಮಾರು 60 ಕಿಲೋಮೀಟರು. ಹೇರೆತ್ತಿನ ಸಾಲು ದಿನಕ್ಕೆ ಏಳೆಂಟು ಮೈಲಿ ನಡೆಯುವುದೆಂದು ಹಿಡಿದರೆ ದಾರಿ ತೆರೆದ ಒಂದು ವಾರದಲ್ಲಿ ಸುದ್ದಿ ಕಡಲ ಬದಿಯಲ್ಲಿರುತ್ತದೆ. ಆಗಸ್ಟಿನ ಕೂಟದ ಸುದ್ದಿ ನವೆಂಬರಿನಲ್ಲಿ ಇಳಿಯಿತೆಂದುಕೊಂಡರೆ ಕೆಳಗಿನ ಕೂಟಗಳ ಕಾಲಕ್ಕೆ ಅದು ಚೆನ್ನಾಗಿಯೇ ಹೊಂದುತ್ತದೆ.

ಹೊಂದಿತೆಂದು ಹಿಗ್ಗುವ ಮೊದಲು ಎದುರು ವಾದವನ್ನು ನೀವೇ ಹೂಡಿ. ನವೆಂಬರ್ ಡಿಸೆಂಬರ್ ಎಂದರೆ ಕೆಳಗಿನ ಸೀಮೆಯಲ್ಲಿ ಏಣೆಲು (ಮಳೆಗಾಲದ ಭತ್ತ) ಕೊಯ್ಲು ಮುಗಿದು ಕಿಸ್ತಿನ ತಗಾದೆ ಬಾಗಿಲಿಗೆ ಬರುವ ಕಾಲವೂ ಹೌದು. ಕಂದಾಯದ ಜಗಳ ಕಂದಾಯ ಕಟ್ಟುವ ಹೊತ್ತಿನಲ್ಲಿ ಏಳುವುದಕ್ಕೆ ಘಟ್ಟದ ಮೇಲಿನ ಸುದ್ದಿಯೇ ಬೇಕೆಂದಿಲ್ಲ. ಮೇಲಾಗಿ ಆ ಜಿಲ್ಲೆಯಲ್ಲಿ 1819ರ ತರಾವು ಜಮಾಬಂದಿ (ಕಂದಾಯ ನಿಗದಿ) ಹತ್ತು ವರ್ಷಗಳಿಂದ ಒತ್ತುತ್ತಿತ್ತು, ಧಾರಣೆ ಅಲ್ಲಿಯೂ ಇಳಿದಿತ್ತು. ಆ ಕಾರ್ಡು ಬರೆದ ಹಿರಿಯರ ಮಾತು ಬರುವುದೂ ಈಗಲೇ. ತಕರಾರು ಮೊದಲು ಕಾಣಿಸಿಕೊಂಡದ್ದು ಘಟ್ಟದ ದಾರಿಗಳು ಇಳಿಯುವ ಕುಂದಾಪುರ, ಬಾರಕೂರಿನಲ್ಲಲ್ಲ, ದಕ್ಷಿಣದ ತುದಿಯ ಬೇಕಲ, ಕಾಸರಗೋಡು, ಮಂಜೇಶ್ವರದಲ್ಲಿ. ಉತ್ತರಕ್ಕೆ ಅದು ಆಮೇಲೆ ಹತ್ತಿತು. ನಕ್ಷೆಯ ಮೇಲೆ ದಿನಾಂಕಗಳನ್ನು ಚುಕ್ಕಿಯಿಟ್ಟು ಗೆರೆ ಎಳೆದರೆ ಆ ಗೆರೆ ನಗರದ ಕಡೆಯಿಂದ ಬರುವುದಿಲ್ಲ. ನನ್ನ ಇಪ್ಪತ್ತು ವರ್ಷದ ಹಿಂದಿನ ವಾಕ್ಯ ಬಿದ್ದುಹೋದದ್ದು ಈ ಒಂದು ಗೆರೆಗೆ.

ಹಾಗೆಂದು ನಂಟು ಇರಲೇ ಇಲ್ಲವೆಂದೂ ಹೇಳಲಾಗದು. ಇಕ್ಕೇರಿ, ಬಿದನೂರಿನ ಅರಸರ ಕಾಲದಲ್ಲಿ ಘಟ್ಟದ ಮೇಲೂ ಕೆಳಗೂ ಒಂದೇ ರಾಜ್ಯವಾಗಿತ್ತು. ಶಿವಪ್ಪನಾಯಕನ ಶಿಸ್ತು (ಅವನು ಗೊತ್ತುಮಾಡಿದ ಕಂದಾಯ) ಎರಡೂ ಕಡೆಯ ರೈತರಿಗೆ ನ್ಯಾಯದ ಅಳತೆಗೋಲಾಗಿ ನೆನಪಿನಲ್ಲಿತ್ತು. 1763ರಲ್ಲಿ ಹೈದರ್ ಬಿದನೂರನ್ನು ಹಿಡಿದ ಮೇಲೂ ಅವೆರಡೂ ಒಬ್ಬನ ಕೈಯಲ್ಲೇ ಉಳಿದವು. ಗಡಿ ಬಿದ್ದದ್ದು 1799ರಲ್ಲಿ, ಕೆಳಗಿನದು ಕಂಪನಿಗೂ ಮೇಲಿನದು ಮೈಸೂರಿಗೂ ಹೋದಾಗ. ಅಂದರೆ 1830ರಲ್ಲಿ ಆ ಗಡಿಗೆ ಬರೀ 31 ವರ್ಷ ವಯಸ್ಸು. ನಂಟಸ್ತಿಕೆ, ಮಠದ ಒಕ್ಕಲು, ಕೊಲ್ಲೂರು ಧರ್ಮಸ್ಥಳದ ಹರಕೆ ಯಾವುದೂ ಆ ಗೆರೆಗೆ ನಿಂತಿರಲಿಲ್ಲ. ಇದು ಪ್ರೇರಣೆಯ ಸಾಕ್ಷ್ಯವಲ್ಲ, ಪ್ರೇರಣೆ ಹಾದುಹೋಗಬಹುದಾದ ದಾರಿಯ ಸಾಕ್ಷ್ಯ. ಎರಡನ್ನೂ ಬೇರೆ ಬೇರೆ ಚೀಲದಲ್ಲಿ ಇಟ್ಟುಕೊಳ್ಳುವುದೇ ಈ ವಿದ್ಯೆಯ ಅರ್ಧ ಪಾಲು.

ಹೊತ್ತವರನ್ನು ಹುಡುಕಿ

ದಾರಿ ಇತ್ತೆಂದ ಮೇಲೆ ನಡೆದವರು ಬೇಕು. ಈ ವಿಷಯದಲ್ಲಿ ಮಧ್ಯ ಭಾರತದ ಮತ್ತು ಪೂರ್ವದ ಬುಡಕಟ್ಟು ಬಂಡಾಯಗಳು ನಮಗೆ ಒಳ್ಳೆಯ ಪಾಠ ಹೇಳುತ್ತವೆ, ಏಕೆಂದರೆ ಅಲ್ಲಿ ಹೊತ್ತದ್ದೇನೆಂಬುದೇ ದಾಖಲಾಗಿದೆ. 1855ರ ಜೂನ್ 30ರಂದು ಭೋಗನಾಡಿಹ್‌ನಲ್ಲಿ ಸಿದೋ ಮತ್ತು ಕಾನ್ಹೂ ಸಂತಾಲರನ್ನು ಸೇರಿಸುವ ಮುನ್ನ ಊರಿಂದೂರಿಗೆ ಸಾಲವೃಕ್ಷದ ಕೊಂಬೆ ಹೋಗಿತ್ತು. 1910ರ ಬಸ್ತರಿನ ಭೂಮಕಾಲ ಬಂಡಾಯದಲ್ಲಿ ಮಾವಿನ ಕೊಂಬೆ, ಮಣ್ಣಿನ ಹೆಂಟೆ, ಮೆಣಸಿನಕಾಯಿ, ಬಾಣ ಇವು ಹಳ್ಳಿಯಿಂದ ಹಳ್ಳಿಗೆ ದಾಟಿದವು. ಓದುಬರಹ ಬಾರದವರು ಸುದ್ದಿ ಹೇಗೆ ಕಳಿಸಿಯಾರು ಎಂದು ಕೇಳುವವರಿಗೆ ಇದು ಉತ್ತರ. ಆದರೆ ಗಮನಿಸಿ: ಕೊಂಬೆಯ ಅರ್ಥ ತಿಳಿಯುವುದು ಆ ಭಾಷೆ, ಆ ಪದ್ಧತಿ ಗೊತ್ತಿರುವವನಿಗೆ ಮಾತ್ರ. ಎಲ್ಲಿ ಕೊಂಬೆಯ ಅರ್ಥ ನಿಲ್ಲುತ್ತದೋ ಅಲ್ಲಿ ದಂಗೆಯೂ ನಿಂತಿತೇ ಎಂದು ನೋಡುವುದು ಒಂದು ಒಳ್ಳೆಯ ಪರೀಕ್ಷೆ.

ಕೆಲವೊಮ್ಮೆ ಹೊತ್ತದ್ದು ಒಬ್ಬ ಮನುಷ್ಯನೇ. ಛೋಟಾನಾಗಪುರದಲ್ಲಿ 1831ರ ಕೊನೆಗೆ ಕೋಲರು ಎದ್ದರು. ಊರುಗಳನ್ನು ಹೊರಗಿನ ಗುತ್ತಿಗೆದಾರರಿಗೆ ವಹಿಸಿಕೊಟ್ಟದ್ದು ಅದರ ಮುಖ್ಯ ಕಾರಣ. ಮರುವರ್ಷವೇ ಪಕ್ಕದ ಬಡಾಭೂಮಿನಲ್ಲಿ ಗಂಗಾನಾರಾಯಣನ ಮುಂದಾಳುತನದಲ್ಲಿ ಭೂಮಿಜರು ಎದ್ದರು. ಗಂಗಾನಾರಾಯಣನ ಜಗಳ ಮೂಲತಃ ಜಮೀನ್ದಾರಿಯ ಹಕ್ಕಿನದು, ಕೋಲರ ಜಗಳವಲ್ಲ. ಆದರೆ ತನ್ನ ಕೈ ಸೋತಾಗ ಅವನು ಹೋದದ್ದು ಸಿಂಗಭೂಮಿನ ಹೋ ಜನರ ನೆರವು ಕೇಳಲಿಕ್ಕೆ, 1833ರಲ್ಲಿ ಮಡಿದದ್ದು ಖರ್ಸಾವಾಂ ಠಾಕೂರನ ವಿರುದ್ಧದ ಕಾದಾಟದಲ್ಲಿ. ಇಲ್ಲಿ ಪ್ರೇರಣೆ ಗಾಳಿಯಲ್ಲಿ ತೇಲಿಬಂದದ್ದಲ್ಲ, ಹೆಸರು ಹಿಡಿದು ಕರೆಯಬಹುದಾದ ಒಬ್ಬ ಮನುಷ್ಯನ ಕಾಲ್ನಡಿಗೆ. ಅಂಥ ಒಂದು ಹೆಸರು ಸಿಕ್ಕರೆ ನಿಮ್ಮ ಲೇಖನಕ್ಕೆ ಅಸ್ತಿಭಾರ ಸಿಕ್ಕಂತೆ.

ನಮ್ಮ ಕಡೆ ಹೊತ್ತವರ ಪಟ್ಟಿಯಲ್ಲಿ ಉಪ್ಪು ತರುವ ಲಂಬಾಣಿಗಳು, ಜಂಗಮರು, ಜಾತ್ರೆಗೆ ಹೋಗಿಬರುವವರು, ಸಂಬಳ ಬಾಕಿ ಬಿದ್ದು ಮನೆಗೆ ಮರಳಿದ ಕಂದಾಚಾರದ (ಸಂಸ್ಥಾನದ ಸ್ಥಳೀಯ ಪಡೆಯ) ಕಾಲಾಳುಗಳು ಬರಬೇಕು. ಈ ಕೊನೆಯವರನ್ನು ಎಲ್ಲರೂ ಮರೆಯುತ್ತಾರೆ. ಶಸ್ತ್ರ ಗೊತ್ತಿದ್ದ, ದಾರಿ ಗೊತ್ತಿದ್ದ, ಸರಕಾರದ ಮೇಲೆ ಸಿಟ್ಟಿದ್ದ ಮನುಷ್ಯ ಆ ಕಾಲದ ಊರಿನಲ್ಲಿ ಬೇರೆ ಯಾರಿದ್ದ?

ಸೇನೆ ಎಲ್ಲಿಗೆ ಹೋಯಿತೆಂದೂ ನೋಡಿ

ಒಂದು ದಂಗೆ ಇನ್ನೊಂದಕ್ಕೆ ನೆರವಾಗಲು ಸುದ್ದಿಯೇ ಮುಟ್ಟಬೇಕೆಂದಿಲ್ಲ. ಸೇನೆಯನ್ನು ಬೇರೆಡೆ ಸೆಳೆದರೂ ಸಾಕು. ಇದಕ್ಕೆ ಚನ್ನಗಿರಿಯ ಧೋಂಡಿಯ ವಾಘನಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದ ಅವನು ಶಿವಮೊಗ್ಗ, ಬಿದನೂರಿನ ಸೀಮೆಯಲ್ಲಿ ಪಡೆ ಕಟ್ಟಿದ. 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಅವನು ಬೀಳುವವರೆಗೂ ಆರ್ಥರ್ ವೆಲ್ಲೆಸ್ಲಿಯ ಪಡೆ ಅವನ ಬೆನ್ನು ಹತ್ತಿ ಉತ್ತರದಲ್ಲೇ ಇತ್ತು. ವಯನಾಡಿನಲ್ಲಿ ಪಳಶ್ಶಿ ರಾಜ, ಮಂಜರಾಬಾದಿನ ಬದಿಯಲ್ಲಿ ಬಲಂ ಸೀಮೆಯ ಪಾಳೆಯಗಾರ, ಇಬ್ಬರ ಮೇಲೂ ಪೂರ್ಣ ದಂಡಯಾತ್ರೆ ಹೊರಟದ್ದು ಅದರ ನಂತರವೇ: ವಯನಾಡಿಗೆ 1801ರಲ್ಲಿ, ಬಲಂನ ಅರೆಕೆರೆ ಕೋಟೆಗೆ 1802ರ ಜನವರಿಯಲ್ಲಿ. ಇವರು ಒಬ್ಬರಿಂದೊಬ್ಬರು ಹುರುಪು ಪಡೆದರೆಂದು ಹೇಳಲು ಪತ್ರಗಳು ಬೇಕು. ಧೋಂಡಿಯ ಕಾಡಿದಷ್ಟು ದಿನ ಉಳಿದಿಬ್ಬರಿಗೆ ಉಸಿರಾಡಲು ಬಿಡುವು ಸಿಕ್ಕಿತೆಂದು ಹೇಳಲು ಪಡೆಗಳ ನಡೆಯ ದಿನಾಂಕಗಳೇ ಸಾಕು. ಎರಡನೆಯದು ಚಿಕ್ಕ ಮಾತು, ಆದರೆ ಸಾಧಿಸಬಹುದಾದ ಮಾತು.

ಇಲ್ಲೇ ವಯನಾಡಿನ ಕುರಿಚಿಯರನ್ನೂ ನೋಡಬೇಕು. 1802ರ ಅಕ್ಟೋಬರ್ 11ರಂದು ಪನಮರಂ ಕೋಟೆಯ ಮೇಲೆ ಬಿದ್ದ ಪಡೆಯಲ್ಲಿ ಎಡಚೇನ ಕುಂಗನ್ ಜೊತೆ ತಲಕ್ಕಲ್ ಚಂದುವಿನ ಬಿಲ್ಲುಗಾರ ಕುರಿಚಿಯರಿದ್ದರು. ಅರಸನ ಯುದ್ಧಕ್ಕೆ ಬುಡಕಟ್ಟಿನವರು ಸೇರಿಕೊಂಡರು ಎಂದು ನಾವು ಸುಲಭವಾಗಿ ಬರೆಯುತ್ತೇವೆ. ಆದರೆ ಪಳಶ್ಶಿ ರಾಜ ಸತ್ತದ್ದು 1805ರ ನವೆಂಬರ್ 30ರಂದು, ಕುರಿಚಿಯರೂ ಕುರುಮರೂ ತಾವಾಗಿ ಎದ್ದದ್ದು 1812ರಲ್ಲಿ. ಮುಂದಾಳು ಇಲ್ಲವಾಗಿ ಆರು ವರ್ಷ ಕಳೆದ ಮೇಲೆ ಏಳುವವರನ್ನು ಬರಿಯ ಹಿಂಬಾಲಕರೆನ್ನಲಾದೀತೇ? ಧಾನ್ಯದಲ್ಲಿ ಕೊಡುತ್ತಿದ್ದ ತೆರಿಗೆಯನ್ನು ನಗದಿನಲ್ಲಿ ಕೇಳಿದ್ದು ಅವರ ಸ್ವಂತ ಸಂಕಟವಾಗಿತ್ತು. ಕೊಡಗನ್ನು ಕಂಪನಿ 1834ರಲ್ಲಿ ನುಂಗಿದ ಮೇಲೆ ಅಮರಸುಳ್ಯ, ಪುತ್ತೂರಿನ ಮಾಗಣೆಗಳನ್ನು ಕನ್ನಡ ಜಿಲ್ಲೆಗೆ ಸೇರಿಸಿ ನಗದು ಕಂದಾಯ ಹೇರಿದಾಗ 1837ರಲ್ಲಿ ಅಲ್ಲಿಯೂ ಅದೇ ಸಂಕಟ ಸಿಡಿಯಿತು. ಏಪ್ರಿಲ್ ಮೊದಲ ವಾರ ಮಂಗಳೂರೇ ಬಂಡಾಯದವರ ಕೈಗೆ ಬಂತು. ಸುಳ್ಯದ ಗೌಡ ವಯನಾಡಿನ ಕುರಿಚಿಯನ ಕಥೆ ಕೇಳಿ ಎದ್ದನೆಂದು ಯಾರೂ ಹೇಳಲಾರರು. ಒಂದೇ ಬಗೆಯ ಹೇರಿಕೆ ಎರಡು ಕಡೆ ಒಂದೇ ಬಗೆಯ ಉತ್ತರ ಪಡೆಯಿತು, ಅಷ್ಟೆ. ಗೋದಾವರಿ ಬದಿಯ ರಂಪದಲ್ಲಿ 1879ರಲ್ಲಿ ಎದ್ದ ಫಿತೂರಿ (ಬಂಡಾಯ) ಮಾತ್ರ ಕೆಲವೇ ತಿಂಗಳಲ್ಲಿ ಗೊಲುಗೊಂಡ ಬೆಟ್ಟಗಳಿಗೂ ಭದ್ರಾಚಲದ ಕಡೆಗೂ ನಿಜವಾಗಿಯೇ ದಾಟಿತು. ಅಲ್ಲಿ ಬೆಟ್ಟದ ಜನರ ನಡುವೆ ಮುಠಾದಾರರ (ಬೆಟ್ಟದ ಊರುಗುಂಪುಗಳ ಯಜಮಾನರ) ಸಂಬಂಧದ ಬಲೆಯಿತ್ತು, ಮನೆಯ ಕಳ್ಳಿನ ಮೇಲೂ ತೆರಿಗೆ ಬಿದ್ದ ನೋವು ಸುತ್ತಲೂ ಒಂದೇ ಆಗಿತ್ತು. ದಾರಿ, ಹೊತ್ತವರು, ಸ್ವಂತ ಸಂಕಟ, ಈ ಮೂರೂ ಒಂದೆಡೆ ಸೇರಿದ್ದು ಅಲ್ಲಿ ಕಾಣುತ್ತದೆ.

ಹೋಲಿಕೆಯ ಬಲೆಗೆ ಬೀಳಬೇಡಿ

ಸಂಗೊಳ್ಳಿ ರಾಯಣ್ಣ ಹೋರಾಡಿದ್ದು ಕಿತ್ತೂರಿನ ದತ್ತುಪುತ್ರನ ಹೆಸರಿನಲ್ಲಿ, ಬೂದಿ ಬಸವಪ್ಪ ನಿಂತದ್ದು ಕೆಳದಿಯ ಹೆಸರಿನಲ್ಲಿ, 1837ರಲ್ಲಿ ಪುಟ್ಟಬಸಪ್ಪ ಕಲ್ಯಾಣಸ್ವಾಮಿಯೆಂದು ಬಂದದ್ದು ಕೊಡಗಿನ ಹಾಲೇರಿ ವಂಶದ ಹೆಸರಿನಲ್ಲಿ. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ 1831ರ ಜನವರಿ 26ರಂದು ನಗರದ ದಂಗೆ ಇನ್ನೂ ಜೋರಿನಲ್ಲಿತ್ತು. ಒಂದನ್ನೊಂದು ನೋಡಿ ಕಲಿತರೆಂದು ಬರೆಯಲು ಇದಕ್ಕಿಂತ ಚೆಂದದ ಸಾಲು ಸಿಗದು, ಬರೆದರೆ ಸಭೆಯಲ್ಲಿ ಚಪ್ಪಾಳೆಯೂ ಬರುತ್ತದೆ. ಆದರೆ ಅಳಿದ ಅರಸುಮನೆಯ ಹೆಸರು ಹಿಡಿದು ಏಳುವುದು ಆ ಕಾಲದ ಎಲ್ಲರಿಗೂ ಗೊತ್ತಿದ್ದ ರೀತಿ. ನ್ಯಾಯ ಕೇಳಲು ಬೇರೆ ಭಾಷೆಯೇ ಇರಲಿಲ್ಲ. ರೂಪದ ಹೋಲಿಕೆ ಸಿಕ್ಕಾಗ ಅದನ್ನು ಪ್ರಶ್ನೆಯಾಗಿ ಬರೆದಿಡಿ, ಉತ್ತರವಾಗಿ ಬೇಡ.

ಕಾಗದ, ಕಡತ, ಬಾಯಿಮಾತು

ಇಂಗ್ಲಿಷ್ ವರದಿಗಳು ಈಗ ಸುಲಭವಾಗಿ ಸಿಗುತ್ತವೆ. ಅವುಗಳಲ್ಲಿ ಒಂದು ಚಾಳಿ ಇದೆ. ತಮ್ಮ ಜಿಲ್ಲೆಯಲ್ಲಿ ಗಲಭೆಯಾದಾಗ ಕಲೆಕ್ಟರನಿಗೆ ಹೊರಗಿನವರ ಚಿತಾವಣೆಯೆಂದು ಬರೆಯುವುದು ಅನುಕೂಲ, ಏಕೆಂದರೆ ಆಗ ತನ್ನ ಕಂದಾಯದ ಲೆಕ್ಕ ತಪ್ಪೆಂದು ಒಪ್ಪಬೇಕಾಗಿಲ್ಲ. ಆದ್ದರಿಂದ "ಪಕ್ಕದ ನಾಡಿನ ಗಲಭೆಯಿಂದ ಕೆಟ್ಟರು" ಎಂದು ಅಧಿಕಾರಿ ಬರೆದದ್ದನ್ನು ನೀವು "ಪಕ್ಕದ ನಾಡಿನಿಂದ ಸ್ಫೂರ್ತಿ ಪಡೆದರು" ಎಂದು ತಿರುಗಿಸಿ ಬರೆದರೆ ಅವನ ಸಬೂಬಿಗೆ ಹೂವಿನ ಹಾರ ಹಾಕಿದಂತಾಗುತ್ತದೆ. "ಬೇಡರು", "ಲೂಟಿಕೋರರು" ಎಂಬ ಪದಗಳೂ ಹಾಗೆಯೇ: ಕೆಲವೊಮ್ಮೆ ಜಾತಿಯ ಹೆಸರು, ಕೆಲವೊಮ್ಮೆ ಬರಿಯ ಬೈಗುಳ.

ಇನ್ನು ಕಡತ. ಉದ್ದನೆಯ ಬಟ್ಟೆಗೆ ಹುಣಿಸೆಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕ ಅದು. ಹಳೆಯ ಶಾನುಭೋಗರ ಮನೆಯ ಅಟ್ಟದಲ್ಲಿ ಇಂದಿಗೂ ಒಂದೊಂದು ಸಿಗುತ್ತದೆ. ತೆರೆಯುವಾಗ ಅವಸರ ಬೇಡ, ಮಡಿಕೆಯ ಅಂಚಿನಲ್ಲಿ ಕಪ್ಪು ಹಕ್ಕಳೆ ಏಳುತ್ತದೆ. ಒರಸಿ ಮತ್ತೆ ಬರೆಯಬಹುದಾದ ವಸ್ತುವಾದ್ದರಿಂದ ಮೇಲಿನ ಬರಹವೇ ಮೊದಲ ಬರಹವೆಂದು ನಂಬಬೇಡಿ. ಕಿಟಕಿಯ ಬಳಿ ಓರೆಯಾಗಿ ಹಿಡಿದರೆ ಕೆಲವೊಮ್ಮೆ ಅಳಿಸಿದ ಅಂಕಿಯ ಗೀರು ಬೆಳಕಿಗೆ ಮಿಂಚುತ್ತದೆ. ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ ನಾನು ಹಾಗೆ ಹಿಡಿದಾಗ ವಸೂಲಾದ ಕಂದಾಯದ ಅಂಕಿಯ ಕೆಳಗೆ ಬೇರೊಂದು, ಚಿಕ್ಕ ಅಂಕಿ ಕಂಡಿತ್ತು. ಯಾರು ತಿದ್ದಿದರೋ, ಯಾವ ವರ್ಷವೋ ತಿಳಿಯಲಿಲ್ಲ. ಆದರೆ ಊರಿನವರು ಕೊಟ್ಟದ್ದಕ್ಕೂ ಲೆಕ್ಕದಲ್ಲಿ ನಿಂತದ್ದಕ್ಕೂ ನಡುವಿನ ಅಂತರ ಹೇಗೆ ಹುಟ್ಟುತ್ತಿತ್ತೆಂಬುದು ಆ ದಿನ ಅರ್ಥವಾಯಿತು. ಆ ಕಾಲದ ಹಲವು ಕಾಗದಗಳು ಮೋಡಿ ಲಿಪಿಯಲ್ಲಿವೆ. ಸಾಗರದ ಹತ್ತಿರದ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ, ಕಡತಗಳ ದೊಡ್ಡ ಸಂಗ್ರಹವಿದೆ, ಓದುವ ಅಭ್ಯಾಸಕ್ಕೆ ಅಲ್ಲಿಂದ ಶುರುಮಾಡಬಹುದು.

ಬಾಯಿಮಾತಿನ ವಿಚಾರದಲ್ಲಿ ಒಂದೇ ಎಚ್ಚರಿಕೆ. ಹಸಲರ ಕೇರಿಗೋ ಸಿದ್ದಿಗಳ ಹಾಡಿಗೋ ಹೋಗಿ "ನಿಮ್ಮವರು ಬ್ರಿಟಿಷರ ವಿರುದ್ಧ ಹೋರಾಡಿದ್ದರೇ?" ಎಂದು ಕೇಳಿದರೆ ಬಂದ ನೆಂಟರನ್ನು ನಿರಾಸೆಗೊಳಿಸಬಾರದೆಂಬ ಸೌಜನ್ಯಕ್ಕೆ ಹೌದು ಎನ್ನುತ್ತಾರೆ. ಅದರ ಬದಲು ಯಾವ ಕಾಡಿಗೆ ಹೋಗಬಾರದೆಂದು ಯಾವಾಗ ಹೇಳಿದರು, ಕುಮರಿ (ಕಾಡು ಕಡಿದು ಸುಟ್ಟು ಮಾಡುವ ಬೇಸಾಯ) ಕಡಿಯುವುದು ಯಾವ ಅಜ್ಜನ ಕಾಲಕ್ಕೆ ನಿಂತಿತು, ಉಪ್ಪು ಎಲ್ಲಿಂದ ಬರುತ್ತಿತ್ತು, ಹೆಣ್ಣು ತರುತ್ತಿದ್ದುದು ಯಾವ ಊರಿನಿಂದ ಎಂದು ಕೇಳಿ. ಉಪ್ಪಿನ ದಾರಿಯೂ ಮದುವೆಯ ದಾರಿಯೂ ಗೊತ್ತಾದರೆ ಸುದ್ದಿಯ ದಾರಿ ಮುಕ್ಕಾಲು ಪಾಲು ಗೊತ್ತಾದಂತೆಯೇ.

ಬರೆಯಲು ಕೂತಾಗ ಕ್ರಿಯಾಪದದ ಮೇಲೆ ಕಣ್ಣಿರಲಿ. ಹೆಸರು ಹಿಡಿದು ತೋರಿಸಬಲ್ಲ ವ್ಯಕ್ತಿಯೋ ಓಲೆಯೋ ಇದ್ದರೆ "ಕರೆ ಮುಟ್ಟಿತು" ಎನ್ನಿ. ದಾರಿಯೂ ಕಾಲವೂ ಮಾತ್ರ ಹೊಂದಿದರೆ "ಸುದ್ದಿ ತಲುಪಿರಬಹುದು" ಎನ್ನಿ. ಸೇನೆಯ ನಡೆಯಷ್ಟೇ ಸಿಕ್ಕರೆ "ಬಿಡುವು ದೊರೆಯಿತು" ಎನ್ನಿ. ಕಾರಣ ಮಾತ್ರ ಒಂದಾಗಿದ್ದರೆ "ಅಲ್ಲಿಯೂ ಎದ್ದರು" ಎಂದಷ್ಟೇ ಹೇಳಿ.

ನನ್ನ ಹಳೆಯ ಲೇಖನವನ್ನು ಹೋದ ವರ್ಷ ಮತ್ತೆ ಅಚ್ಚಿಗೆ ಕೇಳಿದಾಗ ಆ ವಾಕ್ಯವನ್ನು ಹೊಡೆದುಹಾಕಿ ಹೀಗೆ ಬರೆದುಕೊಟ್ಟೆ: "1830ರ ಮಳೆಗಾಲದಲ್ಲಿ ಘಟ್ಟದ ಮೇಲೆ ರೈತರು ಕೂಟ ಸೇರಿದರು, ಅದೇ ವರ್ಷದ ಕೊನೆಯಲ್ಲಿ, ಕಿಸ್ತಿನ ಕಾಲಕ್ಕೆ, ಘಟ್ಟದ ಕೆಳಗೆ ಮೊದಲು ಬೇಕಲದ ಕಡೆಯೂ ಆಮೇಲೆ ಉತ್ತರಕ್ಕೂ ರೈತರು ಕೂಟ ಸೇರಿದರು, ಘಾಟಿಗಳು ಆಗ ತೆರೆದಿದ್ದವು." ಸಂಪಾದಕರಿಗೆ ಅದು ಸಪ್ಪೆಯೆನಿಸಿತು, ಕಿಡಿಯನ್ನು ಮರಳಿ ಸೇರಿಸಬಹುದೇ ಎಂದು ಫೋನಿನಲ್ಲಿ ಕೇಳಿದರು. ಬೇಡವೆಂದೆ.